ಖಾಲಿ ಫ್ಲಾಶ್

ನರಗುಂದದ ಬೋರ್ಡಿಂಗ್ ಶಾಲೆಯಲ್ಲಿ ಐದು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು ನಾನು. ಗಜೇಂದ್ರಗಡದಲ್ಲಿ ಫೋಟೋ ಸ್ಟುಡಿಯೋ ತೆರೆದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮದುವೆಗೆ ಮೂರು ರೀಲು ಎಂದರೆ ಮೂರೇ ರೀಲು. ಒಂದು ರೀಲಿಗೆ ಮೂವತ್ತಾರು ಫೋಟೋ. ಅರಿಶಿನಕ್ಕೆ ಇಷ್ಟು, ತಾಳಿಗೆ ಇಷ್ಟು, ಹುಡುಗಿಯನ್ನು ಕಳಿಸಿಕೊಡುವಾಗ ಇಷ್ಟು ಎಂದು ಚೀಟಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೆಗೆಟಿವ್‌ಗಳನ್ನು ಕತ್ತರಿಸಿ, ಊರು, ತಾರೀಖು ಬರೆದ ಲಕೋಟೆಗಳಲ್ಲಿ ಹಾಕಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. ಯಾವ ವರ್ಷದ ಫೋಟೋ ಕೇಳಿದರೂ ಎರಡು ನಿಮಿಷದಲ್ಲಿ ತೆಗೆದು ತೋರಿಸುತ್ತಿದ್ದೆ.

ಈ ಅಚ್ಚುಕಟ್ಟಿನೊಳಗೆ ಒಂದು ಸುಳ್ಳಿತ್ತು. ಆಹೇರಿ ಎಂದು ಉಡುಗೊರೆ ಕೊಡುವ ಹೊತ್ತಿಗೆ ಬಂದವರೆಲ್ಲ ಮದುಮಕ್ಕಳ ಪಕ್ಕ ನಿಂತು ತಮ್ಮದೊಂದು ಫೋಟೋ ಆಗಲಿ ಎನ್ನುತ್ತಾರೆ. ಎಲ್ಲರಿಗೂ ರೀಲು ಸಾಲುವುದಿಲ್ಲ. ಫ್ಲಾಶಿನ ಬೆನ್ನಿನಲ್ಲಿ ಪರೀಕ್ಷೆಗೆಂದು ಒಂದು ಕೆಂಪು ಗುಂಡಿ ಇರುತ್ತದೆ. ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಬೆಳಕು ಹೊಡೆಯುತ್ತದೆ, ಕ್ಯಾಮೆರಾ ಮಾತ್ರ ಸುಮ್ಮನಿರುತ್ತದೆ. ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ತಿಳಿಯದು. ನಮ್ಮ ಕಸುಬಿನವರು ಅದಕ್ಕೆ ಖಾಲಿ ಫ್ಲಾಶ್ ಎನ್ನುತ್ತಿದ್ದರು. ಆಲ್ಬಮ್ ಬಂದ ಮೇಲೆ ಯಾರಾದರೂ ಕೇಳಿದರೆ, ಕಣ್ಣು ಮುಚ್ಚಿದ್ದಿರಿ, ಸರಿ ಬರಲಿಲ್ಲ ಎಂದರೆ ಮುಗಿಯಿತು. ಅದನ್ನು ನಾನು ಮೋಸವೆಂದು ಎಣಿಸಿರಲಿಲ್ಲ. ಮಿತವ್ಯಯ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ರಾಜೂರಿನಲ್ಲಿ ಒಂದು ನೇಕಾರರ ಮನೆಯ ಮದುವೆ. ಮದುಮಗಳು ಉಟ್ಟ ಸೀರೆಯನ್ನು ಅವಳ ಸೋದರಮಾವ ತನ್ನ ಮಗ್ಗದಲ್ಲಿ ತಾನೇ ನೇಯ್ದಿದ್ದ. ದಿನವಿಡೀ ಅಡುಗೆಯ ಕಡೆ, ನೀರಿನ ಕಡೆ ಓಡಾಡಿದ ಆತನನ್ನು ಕೊನೆಗೆ ಹೆಂಡತಿಯೇ ರಟ್ಟೆ ಹಿಡಿದು ತಂದು ಸೋದರಸೊಸೆಯ ಪಕ್ಕ ನಿಲ್ಲಿಸಿದಳು.

"ನನ್ನ ಮಾರಿಗೆ ನಿಮ್ಮ ಕ್ಯಾಮೆರಾ ಒಡದೀತು ನೋಡ್ರಿ," ಎಂದ ಆತ.

"ಒಡದ್ರ ಒಡೀಲಿ, ನಿಂದ್ರು. ಮೂವತ್ತ ವರ್ಷದಾಗ ಒಂದ ಫೋಟೋ ಇಲ್ಲ ನಿಂದು," ಎಂದಳು ಹೆಂಡತಿ. "ಹಲ್ಲ ಕಿಸೀಬ್ಯಾಡ ಮತ್ತ, ಇರೂವ ನಾಕ ಹಲ್ಲೂ ಕಾಣತಾವ."

ಸುತ್ತಲಿದ್ದವರು ನಕ್ಕರು. ಆತ ಸೀರೆಯ ಸೆರಗನ್ನು ಮುಂದಕ್ಕೆ ಹರಡಿದ. "ಸೀರಿ ಚಲೋ ಬರೂವಂಗ ತಗೀರಿ. ನನ್ನ ಮಾರಿ ಬರದಿದ್ರೂ ನಡೀತೈತಿ."

ಮೂರನೆಯ ರೀಲಿನಲ್ಲಿ ಎರಡೇ ಉಳಿದಿದ್ದವು. ಚೀಟಿಯ ಪ್ರಕಾರ ಆ ಎರಡೂ ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಮೀಸಲು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. "ಯಜಮಾನ್ರ, ರುಮಾಲ ಒಂಚೂರು ನೆಟ್ಟಗ ಮಾಡ್ಕೋರಿ" ಎಂದೆ. ಆತ ಎರಡೂ ಕೈಯಿಂದ ಸರಿಮಾಡಿಕೊಂಡು ಉಸಿರು ಬಿಗಿಹಿಡಿದು ನಿಂತ. ಕೆಂಪು ಗುಂಡಿ ಒತ್ತಿದೆ.

"ಬಂತೇನ್ರಿ?"

"ಬಂತ್ರಿ. ಭಾಳ ಚಲೋ ಬಂದೈತಿ."

ಮಳೆಗಾಲ ಮುಗಿಯುವ ಮೊದಲೇ ಆತ ತೀರಿಕೊಂಡ. ಹೆಂಡತಿ ಸಂತೆಯ ದಿನ ಸ್ಟುಡಿಯೋಗೆ ಬಂದಳು. ವರ್ಷದ ಪೂಜೆಗೆ ಗೋಡೆಯ ಮೇಲೆ ಫೋಟೋ ಬೇಕು, ಇರುವುದು ಅದೊಂದೇ. ಆಲ್ಬಮ್ಮಿನಲ್ಲಿ ಕಾಣಲಿಲ್ಲ, ನಿಮ್ಮ ಹತ್ತಿರ ಇದ್ದೇ ಇರುತ್ತದೆ ಎಂದಳು.

"ಓಟಿನ ಕಾರ್ಡಿನಾಗ ಇರೂದು ಮಾರಿ ಅಲ್ರಿ, ಮಸಿ ಬಿದ್ದ ಕಲಿ," ಎಂದಳು.

ಹುಡುಕಿ ಇಡುತ್ತೇನೆ ಎಂದೆ. ಎರಡು ನಿಮಿಷದಲ್ಲಿ ಲಕೋಟೆ ತೆಗೆಯುವ ನಾನು ಹಾಗೆಂದೆ. ಆಕೆ ಹೋದ ಮೇಲೆ ಆ ಮದುವೆಯ ನೂರಾ ಎಂಟು ನೆಗೆಟಿವ್‌ಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಯಾವನದೋ ಹೆಗಲ ಹಿಂದೆ ಅರ್ಧ ರುಮಾಲು ಸಿಕ್ಕಿತು. ಮುಖ ಇರಲಿಲ್ಲ.

ಮುಂದಿನ ಸಂತೆಗೂ ಬಂದಳು, ಅದರ ಮುಂದಿನದಕ್ಕೂ. ಪ್ರತಿ ಸಲ ಒಂದು ಸುಳ್ಳು ಹೇಳಿದೆ. ಲಕೋಟೆ ಬೇರೆ ಕಡೆ ಸೇರಿದೆ, ನೆಗೆಟಿವ್ ಪ್ರಿಂಟಿಗೆಂದು ಗದಗಕ್ಕೆ ಹೋಗಿದೆ. ಹೀಗೆ ತಿಂಗಳುಗಳು ಕಳೆಯುವಷ್ಟರಲ್ಲಿ ರೋಣದಲ್ಲೂ ನರಗುಂದದಲ್ಲೂ ಡಿಜಿಟಲ್ ಕ್ಯಾಮೆರಾ ಬಂದಿತ್ತು. ರೀಲು ಹಾಕುವವನನ್ನು ಮದುವೆಗೆ ಕರೆಯುವವರೇ ಇಲ್ಲದಂತಾಗಿ ನಾನೂ ಒಂದನ್ನು ತಂದೆ. ಅದರಲ್ಲಿ ಎಷ್ಟು ತೆಗೆದರೂ ಮುಗಿಯುತ್ತಿರಲಿಲ್ಲ. ನಿಂತವರೆಲ್ಲ ಕೂಡಲೇ ಬಂದು ಕ್ಯಾಮೆರಾದ ಬೆನ್ನಿನಲ್ಲಿ ತಮ್ಮ ಮುಖ ನೋಡುತ್ತಿದ್ದರು. ಖಾಲಿ ಫ್ಲಾಶಿಗೆ ಜಾಗವೇ ಉಳಿಯಲಿಲ್ಲ. ಆ ಕ್ಯಾಮೆರಾ ರಾಜೂರಿನ ಮದುವೆಗೆ ಮೊದಲೇ ಬಂದಿದ್ದರೆ ಸಾಕಿತ್ತು.

ಪೂಜೆಗೆ ಎಂಟು ದಿನ ಇರುವಾಗ ಆಕೆ ಮತ್ತೆ ಬಂದಳು. ಮೇಜಿನ ಮೇಲಿದ್ದ ಹೊಸ ಕ್ಯಾಮೆರಾ ಕಂಡು ಆಕೆಯ ಮುಖ ಅರಳಿತು.

"ಇದರಾಗ ಎಲ್ಲಾರೂ ಬರತಾರಂತಲ್ರಿ? ಕಂಪ್ಯೂಟರಿನಾಗ ಹುಡುಕಿದ್ರ ಸಿಗತೈತಿ ಅಂತ ಓಣ್ಯಾಗ ಹೇಳಿದ್ರು. ಇದರಾಗೊಮ್ಮಿ ನೋಡ್ರಿ."

"ಇದರಾಗ ಇಲ್ಲಬೇ," ಎಂದೆ. "ಅದರಾಗೂ ಇಲ್ಲ. ಅವತ್ತ ನಾನು ಫೋಟೋ ತಗದ ಇಲ್ಲ. ರೀಲ ಉಳಸಾಕ ಬರೇ ಬೆಳಕ ಹೊಡದೆ."

ಆಕೆಗೆ ತಿಳಿಯಲಿಲ್ಲ. "ಬೆಳಕ ಬಿದ್ದದ್ದು ನಾನ ನೋಡೀನಲ್ರಿ," ಎಂದಳು. ಹಳೆಯ ಫ್ಲಾಶ್ ತೆಗೆದು ಗುಂಡಿ ಒತ್ತಿ ತೋರಿಸಿದೆ. ಗೋಡೆಯ ಮೇಲೆ ಬೆಳಕು ಬಿದ್ದು ಹೋಯಿತು. ಪಕ್ಕದಲ್ಲಿ ರೀಲಿನ ಕ್ಯಾಮೆರಾ ಚರ್ಮದ ಚೀಲದೊಳಗೇ ಇತ್ತು. ಆಕೆ ಗೋಡೆಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಮತ್ತ ರುಮಾಲ ನೆಟ್ಟಗ ಮಾಡ್ಕೋರಿ ಅಂತ ಯಾಕ ಅಂದ್ರಿ?" ಎಂದು ಕೇಳಿದಳು.

ನಾನು ಫ್ಲಾಶನ್ನು ಮೇಜಿನ ಮೇಲಿಟ್ಟೆ. ಆಕೆ ಸಂತೆಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಮುಂದಿನ ಸಂತೆಗೆ ಬರಲಿಲ್ಲ.