ಡ್ರೈವರ್ ಮಾವ ಹುಡುಕಿದ ಸದ್ದು

ಯಾರಾದರೂ ಕರೆದರೆ ಡ್ರೈವರ್ ಮಾವ ಕುತ್ತಿಗೆಯನ್ನಷ್ಟೇ ತಿರುಗಿಸುತ್ತಿರಲಿಲ್ಲ. ಸೊಂಟದಿಂದ ಮೇಲಿನ ಮೈಯನ್ನೆಲ್ಲ ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಮುಂದೆ ಮಾಡಿ, ಅದರ ಹಿಂದೆ ಜಡ್ಡುಗಟ್ಟಿದ ಅಂಗೈ ಇಟ್ಟು ನಿಲ್ಲುತ್ತಿದ್ದರು. ಎಡಗಿವಿಯನ್ನು ಬಸ್ಸು ತಿಂದಿತ್ತು. ಹಳೆಯ ಬಸ್ಸುಗಳಲ್ಲಿ ಇಂಜಿನ್ ಡ್ರೈವರನ ಎಡಮಗ್ಗುಲಲ್ಲೇ ಕೂತು ಗುಡುಗುತ್ತಿತ್ತಲ್ಲ, ಅದರ ಫಲ. ಶೃಂಗೇರಿಯಿಂದ ಹೊರಟು ಜಯಪುರ, ಕೊಪ್ಪ ಹಾದು ನರಸಿಂಹರಾಜಪುರ ಮುಟ್ಟುವ ಒಂದು ಖಾಸಗಿ ಬಸ್ಸನ್ನು ಅವರು ಮೀಸೆ ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಓಡಿಸಿದ್ದರು. “ಬಲಗಿವಿ ಮನೆಗೆ ತಂದೆ, ಎಡಗಿವಿ ಓನರಿಗೇ ಬಿಟ್ಟು ಬಂದೆ” ಎಂದು ನಗುತ್ತಿದ್ದರು.

ಬಾಳಗಡಿಯಲ್ಲಿ ನಮ್ಮದು ಮತ್ತು ಅವರ ಮಗಳದು ಅಕ್ಕಪಕ್ಕದ ಮನೆ. ಮಗಳು ಅಳಿಯನ ಜೊತೆ ಅವರಿದ್ದರು. ನಮಗೆಲ್ಲ ಅವರು ಡ್ರೈವರ್ ಮಾವ. ನನಗೆ ಸೀತೂರಿನ ಶಾಲೆಗೆ ವರ್ಗವಾದಾಗ ನನ್ನ ಯಜಮಾನರು ಒಂದು ಹಳೆಯ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಓಡಿಸಲು ಮಾತ್ರ ಯಾರೂ ಇರಲಿಲ್ಲ. ಯಜಮಾನರಿಗೆ ಬೈಕೇ ಇಷ್ಟ, ನನಗೆ ಸೈಕಲ್ಲೂ ಬಾರದು. ಕೂದಲು ನರೆಯಲು ಶುರುವಾದ ವಯಸ್ಸಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವರು ಡ್ರೈವರ್ ಮಾವ. ಬೈಯುವುದರಲ್ಲಿ ಅವರಷ್ಟು ಧಾರಾಳಿ ಇನ್ನೊಬ್ಬರಿಲ್ಲ. “ಟೀಚರೇ, ಕ್ಲಚ್ಚು ಅಂದ್ರೆ ಹಲ್ಲಿ ಅಂದ್ಕೊಂಡಿರಾ? ಯಾಕೆ ಹಂಗೆ ತುಳಿತೀರಿ ಮಾರಾಯ್ತಿ!” ನಾನು ಮಕ್ಕಳಿಗೆ ಬೈಯುವುದನ್ನು ಕಡಿಮೆ ಮಾಡಿದ್ದು ಆ ತಿಂಗಳುಗಳಲ್ಲೇ.

ಕಲಿತ ಮೇಲೂ ಅವರು ಎಡಗಡೆಯ ಸೀಟನ್ನು ಬಿಡಲಿಲ್ಲ. ನಾನು ಶಾಲೆಗೆ ಹೊರಡುವಾಗ ಅವರ ಗೇಟಿನ ಮುಂದೆ ಎರಡು ಸಲ ಹಾರ್ನ್ ಮಾಡಬೇಕು, ಅವರು ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬರಬೇಕು, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು. ಅಲ್ಲಿ ಒಂದು ಚಾ, ಒಂದು ಪೇಪರು, ಹಳೆಯ ಲೈನಿನ ಡ್ರೈವರುಗಳ ಜೊತೆ ಹರಟೆ. ವಾಪಸು ಯಾವುದಾದರೂ ಬಸ್ಸಿನಲ್ಲಿ. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟಿಯರಿಂಗ್ ಮುಟ್ಟದವರಿಗೆ ದಿನದಲ್ಲಿ ಗಾಡಿಯ ಸಂಗ ಅಂತ ಉಳಿದದ್ದು ಅಷ್ಟೇ.

ಹಾರ್ನ್ ಮಾಡಿ ಕಾಯುವುದನ್ನು ಹೇಳಿಕೊಟ್ಟವರೂ ಅವರೇ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಬಂದು ಹೋಗುವವರು ಬೇರೆ, ದಿನಾ ಬರುವವರು ಬೇರೆ. ಮನೆ ಇರುವುದು ಗುಡ್ಡದ ಮೇಲೆ, ರಸ್ತೆ ಇರುವುದು ಕೆಳಗೆ. ತಿರುವಿನಲ್ಲಿ ಬಸ್ಸು ನಿಂತು ಎರಡು ಸಲ ಕೂಗಿದರೆ ಮೇಲಿನಿಂದ “ಬಂದೇ!” ಎಂಬ ದನಿ ಕೇಳುತ್ತದೆ. ಅವರು ಇಳಿದು ಬರುವವರೆಗೆ ಬಸ್ಸು ಅಲುಗುವುದಿಲ್ಲ. ಡ್ರೈವರ್ ಮಾವ ಈ ವಿಷಯದಲ್ಲಿ ಹೆಸರುವಾಸಿ. ಒಳಗಿನವರು “ಹೊರಡು ಮಾರಾಯ, ಕೋರ್ಟಿಗೆ ಹೊತ್ತಾತು” ಎಂದು ಬೊಬ್ಬೆ ಹೊಡೆದರೂ ಅವರದು ಒಂದೇ ಮಾತು: “ದಿನಾ ಬರೋರನ್ನ ಬಿಟ್ಟು ಹೋಗೋಕೆ ಆಗ್ತದನಾ?” ಆ ಹೊತ್ತಿಗೆ ಎಡಗಿವಿ ಕೇಳದಿರುವುದು ಅವರಿಗೆ ಅನುಕೂಲವೇ ಆಗಿತ್ತು ಎಂದು ಕಾಣುತ್ತದೆ.

ಆ ವರ್ಷ ದೀಪಾವಳಿ ಕಳೆದು ಚಳಿ ಬಿದ್ದಾಗ ಕಾರಿನ ಅಡಿಯಲ್ಲಿ ಸದ್ದು ಶುರುವಾಯಿತು. ರಸ್ತೆಯ ಹಂಪು ಏರಿದರೆ ಕಿರ್ರ್, ಹೊಂಡಕ್ಕೆ ಇಳಿದರೆ ಕೀಂಯ್. ಬಿಸಿಲು ಚುರುಕಾಗುವ ಹೊತ್ತಿಗೆ ಮಾಯ. ಸಂಜೆ ಮನೆಗೆ ಬರುವಾಗ ಗಾಡಿ ದೇವರಂತೆ ಮೌನ. ರಜೆ ಹಾಕಿ ಗ್ಯಾರೇಜಿಗೆ ಒಯ್ದರೆ ಅಲ್ಲಿ ಸರದಿ ಬರುವಷ್ಟರಲ್ಲಿ ಹತ್ತು ಗಂಟೆಯ ಬಿಸಿಲು. ಮೆಕ್ಯಾನಿಕ್ ಬಂಪರಿನ ಮೇಲೆ ಕೂತು ಕುಪ್ಪಳಿಸಿದರೂ ಚಕಾರವಿಲ್ಲ. ಡಾಕ್ಟರ ಬಾಗಿಲು ಮುಟ್ಟಿದ ಕೂಡಲೇ ಮಗುವಿನ ಜ್ವರ ಬಿಟ್ಟ ಹಾಗೆ. ಮೆಕ್ಯಾನಿಕ್ ನನ್ನನ್ನೇ ಒಂದು ಥರ ನೋಡಿದ. “ಗಾಡಿ ಹುಷಾರುಂಟು ಟೀಚರ್, ನೀವೊಂಚೂರು ರೆಸ್ಟ್ ತಗೊಳ್ಳಿ” ಅಂದ.

ನನ್ನ ಯಜಮಾನರಿಗೆ ಮಾತ್ರ ಹೆದರಿಕೆ ಹತ್ತಿತು. ಕೊಪ್ಪ ದಾಟಿದ ಮೇಲಿನ ತಿರುವುಗಳಲ್ಲಿ ಚಕ್ರ ಕಳಚಿಬಿಟ್ಟರೆ? “ಸಂಕ್ರಾಂತಿಯೊಳಗೆ ಸರಿ ಹೋದ್ರೆ ಹೋಯ್ತು. ಇಲ್ಲಾಂದ್ರೆ ಕೊಟ್ಟುಬಿಡುವ, ಬಸ್ಸಲ್ಲಿ ಹೋಗು” ಎಂದು ಊಟಕ್ಕೆ ಕೂತಾಗ ತೀರ್ಮಾನ ಕೊಟ್ಟರು. ನನಗೆ ಬಸ್ಸು ಹೊಸತಲ್ಲ. ಆದರೆ ಕಾರು ಹೋದರೆ ಡ್ರೈವರ್ ಮಾವನ ಬೆಳಗು ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ವಿಷಯವನ್ನು ಡ್ರೈವರ್ ಮಾವನಿಗೆ ತಿಳಿಸಿದೆ. “ಗಾಡಿ ಕೂಗ್ತದೆ ಅಂತ ಮಾರೋದಾದ್ರೆ ನನ್ನ ಬಸ್ಸನ್ನ ಮೊದಲ ವರ್ಷವೇ ಮಾರಬೇಕಿತ್ತು. ನಾನು ಹುಡುಕ್ತೆ ಬಿಡಿ” ಅಂದರು.

ಹುಡುಕಾಟ ಶುರುವಾಯಿತು. ಕಾರನ್ನು ಶೆಡ್ಡಿನಿಂದ ಹೊರಗೆ ತಂದು ಇಬ್ಬನಿಗೆ ನಿಲ್ಲಿಸಿದರು, ಚೆನ್ನಾಗಿ ಥಂಡಿ ಹಿಡಿಯಲಿ ಅಂತ. ರಜೆಯ ದಿನ ಮಧ್ಯಾಹ್ನ ಬಾವಿಯ ನೀರು ಸೇದಿ ಚಕ್ರಗಳಿಗೆ ಹೊಯ್ದು ಚಳಿ ಬರಿಸಲು ನೋಡಿದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದನ್ನು ಬಿಟ್ಟು ಸೀತೂರಿನವರೆಗೂ ನನ್ನ ಜೊತೆ ಬರತೊಡಗಿದರು. ಮಫ್ಲರನ್ನು ಬಲಗಿವಿಯ ಮೇಲಿಂದ ಸರಿಸಿಟ್ಟು, ಕಣ್ಣು ಮುಚ್ಚಿ, ಭಜನೆಗೆ ಕೂತವರಂತೆ ಕೂತಿರುತ್ತಿದ್ದರು. ಸದ್ದು ಬಂದ ಕೂಡಲೇ “ಬಲಗಡೆ!” ಎನ್ನುತ್ತಿದ್ದರು. ನನಗೆ ಕೇಳುತ್ತಿದ್ದುದು ಎಡಗಡೆಯಿಂದ.

“ಮಾವ, ನಿಮ್ಮ ಕಾಲಬುಡದಲ್ಲೇ ಬರ್ತಿದೆ.”

“ನಿಮಗೆ ಮಕ್ಕಳ ಗಲಾಟೆ ಕೇಳಿ ಕೇಳಿ ಕಿವಿ ಕೆಟ್ಟಿದೆ ಟೀಚರೇ. ಬಲಗಡೆ.”

ಬಲಗಡೆಯ ಚಕ್ರವನ್ನು ಎರಡು ಸಲ ಬಿಚ್ಚಿಸಿ ಹಾಕಿಸಿದ್ದಾಯಿತು. ಒಂದೇ ಕಿವಿಯವರಿಗೆ ಲೋಕದ ಸದ್ದೆಲ್ಲ ಆ ಕಿವಿಯ ಕಡೆಯಿಂದಲೇ ಬರುತ್ತದೆ ಎಂದು ನನಗೆ ಹೊಳೆದಿತ್ತು. ಹೇಳುವುದು ಹೇಗೆ? ಅವರ ಕಿವುಡಿನ ಬಗ್ಗೆ ಅವರು ತಮಾಷೆ ಮಾಡಬಹುದು, ನಾವು ಮಾಡುವಂತಿರಲಿಲ್ಲ.

ಭಾನುವಾರಗಳಲ್ಲಿ ನಾನು ಬಟ್ಟೆ ಒಗೆಯುತ್ತಿದ್ದಾಗ ಅವರು ಕಾರಿನ ಸುತ್ತ ಏನೋ ಮಾಡುತ್ತಿದ್ದರು. ಹಳೆಯ ಗೋಣಿ ಹಾಸಿ ಅಡಿಗೆ ತೂರುವುದು, ಹೊರಬಂದು ಮೈ ಕೊಡವಿಕೊಳ್ಳುವುದು. ಆಮೇಲೆ ನಾನು ಓಡಿಸಿ ನೋಡಿದರೆ ಸದ್ದಿರುವುದಿಲ್ಲ. “ಹೆಂಗೆ?” ಎಂದು ಹುಬ್ಬು ಹಾರಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಗೇಟು ದಾಟುವಾಗಲೇ ಕೀಂಯ್, ಹಿಂದಿನ ವಾರಕ್ಕಿಂತ ಜೋರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಒಂದು ಬೆಳಿಗ್ಗೆ ನಾನು ಹಾರ್ನ್ ಮಾಡುವ ಮೊದಲೇ ಅವರು ಗೇಟಿನಲ್ಲಿದ್ದರು. “ನಿನ್ನೆ ಮಧ್ಯಾಹ್ನ ಮಗಳು ಎಡಗಡೆ ನಿಂತು ಊಟಕ್ಕೆ ಕರೆದಿದ್ದಾಳೆ ಟೀಚರೇ. ನಾನು ಬಲಗಡೆ ಬಾಗಿಲಿಗೆ ಹೋಗಿ ಎಂಥದು ಅಂತ ಕೇಳ್ತಾ ನಿಂತಿದ್ದೆ” ಅಂದರು. ನಗಲಿಲ್ಲ. ಬಾಗಿಲು ತೆಗೆದು, ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನ ಕಡೆ ಮುಖ ಮಾಡಿ, ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಈಗ ಬಲಗಿವಿ ಎಡಬಾಗಿಲಿನ ಕಡೆ ಬಂತು. “ಹೊರಡಿ” ಅಂದರು.

ಎಪ್ಪತ್ತು ದಾಟಿದ ಮನುಷ್ಯ ಹಿಂದುಮುಂದಾಗಿ ಕೂತು ಕೊಪ್ಪದ ಪೇಟೆಯಲ್ಲಿ ಹಾದುಹೋಗುವುದನ್ನು ಜನ ನೋಡಿಯೇ ನೋಡಿದರು. ಕಾಲೇಜಿನ ಹುಡುಗಿಯರು ಬಾಯಿಗೆ ಕೈ ಹಿಡಿದುಕೊಂಡರು. ಬಸ್‌ಸ್ಟ್ಯಾಂಡಿನಿಂದ ಯಾರೋ, “ಡ್ರೈವರಣ್ಣ, ರಿವರ್ಸ್ ಗೇರಾ?” ಎಂದು ಕೂಗಿದರು. ಅವರು ಕಣ್ಣು ಮುಚ್ಚಿ ಸದ್ದಿಗೆ ಕಾಯುತ್ತಿದ್ದರು. ಮೊದಲ ಹಂಪಿನಲ್ಲೇ ಸದ್ದು ಬಂತು. ಅವರು ಕಣ್ಣು ತೆರೆದು ನನ್ನನ್ನು ನೋಡಿ, “ಎಡಗಡೆ” ಅಂದರು. ಸ್ವಲ್ಪ ಮುಂದೆ ಹೋದ ಮೇಲೆ, “ನೀವು ಹೇಳಿದ್ದೇ ಸರಿ” ಎಂದು ಸೇರಿಸಿದರು. ಬಿಸಿಲು ಏರುವ ಮೊದಲು ಗ್ಯಾರೇಜಿನ ಬಾಗಿಲು ತೆಗೆದಿರಬೇಕೆಂದು ಮೆಕ್ಯಾನಿಕ್‌ಗೆ ಹಿಂದಿನ ದಿನವೇ ಗದರಿಸಿ ಬಂದಿದ್ದರಂತೆ. ಸೀದಾ ಗ್ಯಾರೇಜಿಗೆ ಹೋದೆವು.

ಮೆಕ್ಯಾನಿಕ್ ಜಾಕ್ ಕೊಟ್ಟು ಎಡಮುಂದಿನ ಚಕ್ರ ಬಿಚ್ಚಿ, ಟಾರ್ಚು ಹಿಡಿದು ಒಳಗೆ ಬಗ್ಗಿದ. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ಒಂದು ರಬ್ಬರಿನ ಬುಷ್ ಇರುತ್ತದೆ. ಅದರ ಸುತ್ತ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಬೆರಳಲ್ಲಿ ಕೆರೆದು ಮೂಸಿದವನೇ ತಲೆ ಚಚ್ಚಿಕೊಂಡ.

“ಕೊಬ್ಬರಿ ಎಣ್ಣೆ! ಹೆಪ್ಪುಗಟ್ಟಿ ಕೂತಿದೆ. ಯಾರು ಮಾರಾಯ್ರೆ ಇದಕ್ಕೆ ಎಣ್ಣೆ ಹಚ್ಚಿದ್ದು? ರಬ್ಬರ್ ಇದು, ತಲೆ ಅಲ್ಲ. ಎಣ್ಣೆ ಕುಡಿದು ಉಬ್ಬಿ ಹಾಳಾಗಿ ಹೋಗಿದೆ. ಮೊದಲು ಬರೀ ಸವೆದು ಚಳಿಗೆ ಬಿರುಸಾಗ್ತಿತ್ತೇನೋ, ಈಗ ಎಣ್ಣೆಯೂ ಗಟ್ಟಿಯಾಗಿ ಕಚ್ಚಿಕೊಳ್ತದೆ, ಬಿಸಿಲಿಗೆ ಕರಗಿ ಸುಮ್ಮನಾಗ್ತದೆ. ಎಂಥಾ ಜನ!”

ನಮ್ಮ ಮನೆಗಳಲ್ಲಿ ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ತೊಟ್ಟಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಮಂಡಿ ಕಿರುಗುಟ್ಟಿದರೂ ಅದೇ. ಚಳಿಗಾಲದಲ್ಲಿ ಬಾಟಲಿಯಲ್ಲಿ ಎಣ್ಣೆ ಕಲ್ಲಾಗಿ, ಬೆಳಿಗ್ಗೆ ಕಾಂಪೌಂಡಿನ ಮೇಲೆ ಬಿಸಿಲಿಗಿಟ್ಟು ಕರಗಿಸಿಕೊಂಡೇ ತಲೆಗೆ ಹಚ್ಚುತ್ತೇವೆ. ಭಾನುವಾರಗಳಂದು ಡ್ರೈವರ್ ಮಾವನ ಕಾಂಪೌಂಡಿನ ಮೇಲೆ ಇರುತ್ತಿದ್ದ ಬಾಟಲಿ ನನಗೆ ಆಗ ನೆನಪಾಯಿತು. ಅವರ ತಲೆಯಲ್ಲಿ ಹಚ್ಚಲು ಅಷ್ಟು ಕೂದಲೇ ಇರಲಿಲ್ಲ.

ತಿರುಗಿ ನೋಡಿದೆ. ಅವರು ಗ್ಯಾರೇಜಿನ ಕಂಬ ಹಿಡಿದು ನಿಂತಿದ್ದರು. ಆ ಮೆಕ್ಯಾನಿಕ್ ಒಂದು ಕಾಲದಲ್ಲಿ ಅವರ ಬಸ್ಸಿನಲ್ಲಿ ಕ್ಲೀನರ್ ಆಗಿದ್ದವನು. ಇವತ್ತಿಗೂ ಅವರೆದುರು ಬೀಡಿ ಸೇದುವವನಲ್ಲ. ಅವನೆದುರು ಅವರು ತಲೆ ತಗ್ಗಿಸುವುದು ನನಗೆ ಬೇಡವಾಗಿತ್ತು. “ನಾನೇ ಹಚ್ಚಿದ್ದು” ಅಂದುಬಿಟ್ಟೆ.

“ಸುಳ್ಳು ಹೇಳ್ಬೇಡಿ ಟೀಚರೇ” ಅಂದರು ಅವರು. ಮೆಕ್ಯಾನಿಕ್ ಕಡೆ ಬಲಗಿವಿ ತಿರುಗಿಸಿ ನಿಂತು, “ನಾನು ಮಾರಾಯ. ಪ್ರತಿ ಭಾನುವಾರ. ನಾಲ್ಕೂ ಚಕ್ರಕ್ಕೆ” ಎಂದರು. ಅವನು ಟಾರ್ಚು ಆರಿಸಿ, ಸ್ಪ್ಯಾನರ್ ಹುಡುಕುವ ನೆಪದಲ್ಲಿ ಒಳಗೆ ಹೋದ.

ಬುಷ್ ಬದಲಾಯಿತು, ಕಾರು ಉಳಿಯಿತು. ಆದರೆ ಡ್ರೈವರ್ ಮಾವ ಬರುವುದನ್ನು ನಿಲ್ಲಿಸಿದರು. ಹಾರ್ನ್ ಮಾಡಿದರೆ ಮಗಳು ಬಂದು, “ಅಪ್ಪಯ್ಯಂಗೆ ಇವತ್ತು ಆಗದಿಲ್ಲಂತೆ ಅಕ್ಕ” ಎನ್ನುತ್ತಿದ್ದಳು. ಒಂದು ವಾರ ಹೀಗೇ ಹೋಯಿತು. ಪಕ್ಕದ ಸೀಟು ಖಾಲಿ, ಗಾಡಿಯಲ್ಲಿ ಸದ್ದಿಲ್ಲ, ಬೈಯುವವರೂ ಇಲ್ಲ. ನನಗೆ ಅಳು ಬರುವಂತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೊನೆಗೊಂದು ದಿನ ಹಾರ್ನ್ ಮಾಡಿ ಇಂಜಿನ್ ಆರಿಸಿ ಕೂತೆ. ಮಗಳು ಬಂದು ಹೇಳಿದಳು, ಕೂತೇ ಇದ್ದೆ. ಶಾಲೆಯ ಪ್ರಾರ್ಥನೆಯ ಹೊತ್ತು ಮೀರುವುದು ಖಂಡಿತ ಎನ್ನುವಾಗ ಒಳಗಿನಿಂದ ದನಿ ಬಂತು.

“ಹೋಗಿ ಟೀಚರೇ, ಹೊತ್ತಾತು!”

“ದಿನಾ ಬರೋರನ್ನ ಬಿಟ್ಟು ಹೋಗೋಕೆ ಆಗ್ತದನಾ?” ಎಂದು ನಾನೂ ಕೂಗಿದೆ, ಬಲಗಿವಿಗೆ ಮುಟ್ಟುವಷ್ಟು ಜೋರಾಗಿ.

ಸ್ವಲ್ಪ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು. ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತರು. ಬಸ್‌ಸ್ಟ್ಯಾಂಡು ಬಂದು ಇಳಿಯುವಾಗ, “ಇನ್ನು ಎಣ್ಣೆ ತಲೆಗೆ ಮಾತ್ರ” ಅಂದರು. ನಾನು ನಕ್ಕೆ. ಅವರೂ ನಕ್ಕರು.

ಆಮೇಲೆ ಎರಡು ಚಳಿಗಾಲ ನನ್ನ ಪಕ್ಕ ಕೂತರು. ಮೂರನೆಯದು ಬರುವ ಮೊದಲೇ ಒಂದು ಬೆಳಿಗ್ಗೆ ನಾನು ಎರಡು ಸಲ ಹಾರ್ನ್ ಮಾಡಿದೆ. ಗುಂಡಿ ಹಾಕಿಕೊಳ್ಳುತ್ತಿರಬಹುದು ಎಂದು ಕಾದೆ. ಮಗಳು ಗೇಟಿನವರೆಗೆ ಬಂದಳು, ಗೇಟನ್ನು ಹಿಡಿದುಕೊಂಡು ನಿಂತುಬಿಟ್ಟಳು. ನಿದ್ದೆಯಲ್ಲೇ ಹೋಗಿದ್ದರು.

ಸಾವಿನ ಸುದ್ದಿ ಲೈನಿನ ಉದ್ದಕ್ಕೂ ಹೋಗಿತ್ತು. ಶೃಂಗೇರಿ ಕಡೆಯಿಂದ ಬಂದ ಅವರ ಹಳೆಯ ಬಸ್ಸು ನಮ್ಮ ಮನೆಗಳ ತಿರುವಿನಲ್ಲಿ ನಿಂತಿತು. ಡ್ರೈವರ್ ಕಂಡಕ್ಟರ್ ಇಬ್ಬರೂ ಇಳಿದು ಬಂದು, ಚಪ್ಪಲಿ ಬಿಟ್ಟು, ಅಂಗಳದಲ್ಲಿ ಮಲಗಿಸಿದ್ದವರ ಕಾಲು ಮುಟ್ಟಿದರು. ಬಸ್ಸಿನ ತುಂಬ ಜನ, ಎಲ್ಲರಿಗೂ ಒಂದೊಂದು ಅವಸರ ಇದ್ದೀತು. ಒಬ್ಬರೂ “ಹೊರಡು” ಎನ್ನಲಿಲ್ಲ. ಇಬ್ಬರೂ ವಾಪಸು ಹೋಗಿ ಹತ್ತುವವರೆಗೆ ಬಸ್ಸು ಅಲ್ಲೇ ಇತ್ತು.

ಡ್ರೈವರ್ ಮಾವನಿಂದ ನಾನು ಕಲಿತದ್ದು ಡ್ರೈವಿಂಗ್ ಎಂದು ಜನ ತಿಳಿದಿದ್ದಾರೆ. ಈಗ ಸೀತೂರಿನ ಅಂಗನವಾಡಿಗೆ ಹೋಗುವ ಆಯಾ ಒಬ್ಬರು ನನ್ನ ದಾರಿಯಲ್ಲಿ ಗುಡ್ಡದ ಮೇಲಿನ ಮನೆಯಿಂದ ಬರುತ್ತಾರೆ. ಮಂಡಿನೋವು, ನಿಧಾನ. ತಿರುವಿನಲ್ಲಿ ನಿಲ್ಲಿಸಿ ಎರಡು ಸಲ ಹಾರ್ನ್ ಮಾಡುತ್ತೇನೆ. ಮೇಲಿನಿಂದ “ಬಂದೇ!” ಎಂದು ಕೇಳುತ್ತದೆ. ಹಿಂದಿನ ಗಾಡಿಗಳವರು ಬೈದರೆ ಎಡಗಡೆಯ ಬಾಗಿಲು ತೆಗೆದಿಟ್ಟು, ಕೇಳಿಸದವಳಂತೆ ಕೂತಿರುತ್ತೇನೆ.