ತಡಿ ಅತ್ತೆಯ ಒಂದೇ ಬಾಗಿಲು

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ‘ತಡಿ ಅತ್ತೆ’ ಎಂದೇ ಕರೆಯುವುದು. ಅವಳ ಮನೆಯಿಂದ ಯಾರೇ ಹೊರಡಲಿ, ಚಪ್ಪಲಿ ಮೆಟ್ಟುವ ಮೊದಲೇ “ತಡಿ, ತಡಿ!” ಎಂದು ಓಡಿಬರುತ್ತಾಳೆ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕೆಂಪು ಕೊಡೆಯನ್ನು ಬಿಚ್ಚಿ ಮೊದಲು ಅದನ್ನು ಹೊರಗೆ ಚಾಚುತ್ತಾಳೆ. ಮಳೆಯೇ ಇಲ್ಲವಲ್ಲ ಎಂದು ಹೊಸಬರು ನಗುತ್ತಾರೆ. ಅಷ್ಟರಲ್ಲಿ ಕೊಡೆಯ ಅಂಚು ಸವರಿಕೊಂಡು ಒಂದು ಲಾರಿ ಹೋಗುತ್ತದೆ. ಆಮೇಲೆ ಯಾರೂ ನಗುವುದಿಲ್ಲ.

ಮನೆ ಇರುವುದು ರಸ್ತೆಯ ತಿರುವಿನಲ್ಲಿ. ಹೊಸ್ತಿಲು ಮುಗಿದಲ್ಲೇ ಡಾಂಬರು ಶುರು. ಗಾಡಿಗಳೇ ಇಲ್ಲದ ಕಾಲದಲ್ಲಿ ಯಾರೋ ಕಟ್ಟಿದ್ದು. ಒಳಹೊರಗೆ ಓಡಾಡಲು ಅದೊಂದೇ ಬಾಗಿಲು. ಅದರ ಚೌಕಟ್ಟಿನ ತುಂಬ ಬಳ್ಳಿ, ಹಕ್ಕಿ ಅಂತ ಕೆತ್ತನೆ. ಅದನ್ನು ಪೂರ್ತಿ ನೋಡಬೇಕೆಂದರೆ ರಸ್ತೆಯ ನಟ್ಟನಡುವೆ ನಿಲ್ಲಬೇಕು. ಕ್ಯಾಮೆರಾ ಹಿಡಿದುಕೊಂಡು ಹಾಗೆ ನಿಲ್ಲುವ ಪುಣ್ಯಾತ್ಮರೂ ಇದ್ದಾರೆ! ಅತ್ತೆ ಒಳಗಿಂದಲೇ ಅವರಿಗೆ ಬೈದು ಓಡಿಸುತ್ತಾಳೆ.

ಮುಂದಿನ ಕೋಣೆಯಲ್ಲಿ ಅವಳು ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಕೈ ಬಟ್ಟೆಯ ಮೇಲೆ, ಕಿವಿ ರಸ್ತೆಯ ಮೇಲೆ. ಮಾವನಿಗೆ ಕಿವಿ ಕೇಳಿಸುವುದಿಲ್ಲ. ಬಟ್ಟೆ ಗಿರಣಿಯ ಮಗ್ಗಗಳ ಸದ್ದಿನಲ್ಲಿ ದುಡಿದೂ ದುಡಿದೂ ಹೋದ ಕಿವಿ. ಹಾಗೆಂದು ಮನೆಯಲ್ಲಿ ಕೂರುವ ಜಾಯಮಾನ ಅವರದಲ್ಲ. “ಇಬ್ಬರದ್ದೂ ಸೇರಿಸಿ ನಾನೊಬ್ಬಳೇ ಕೇಳಿಸ್ಕೋಬೇಕು ಕಣೇ,” ಎನ್ನುತ್ತಿದ್ದಳು ಅತ್ತೆ. ಕಳೆದ ತಿಂಗಳು ಅವಳು ಅಡುಗೆಮನೆಗೆ ಹೋದ ಗಳಿಗೆಯಲ್ಲಿ ಮಾವ ಕೊಡೆ ಮರೆತು ಹೊರಗೆ ಕಾಲಿಟ್ಟರು. ವ್ಯಾನಿನ ಕನ್ನಡಿ ಅವರ ಅಂಗಿಯ ತೋಳನ್ನು ಹರಿದುಕೊಂಡು ಹೋಯಿತು. ತೋಳು ಮಾತ್ರ. ಆವತ್ತಿನಿಂದ ಅತ್ತೆಗೆ ಅನ್ನ ಸೇರಲಿಲ್ಲ. ಎಂದೂ ಬಟ್ಟೆ ಸುಡದವಳು ಯಾರದೋ ಮದುವೆಯ ಅಂಗಿಯನ್ನೇ ಸುಟ್ಟುಬಿಟ್ಟಳು.

ಪಕ್ಕದ ಗೋಡೆಯ ಆಚೆ ಒಂದು ಓಣಿಯಿದೆ, ಕೈಗಾಡಿಯೂ ನುಗ್ಗದಷ್ಟು ಕಿರಿದು. ಆ ಗೋಡೆಯಲ್ಲಿ ಒಂದು ಬಾಗಿಲು ತೆಗೆದರೆ ಮುಗಿಯಿತು, ಮಾವ ರಸ್ತೆಗೆ ಕಾಲಿಡಬೇಕಾಗಿಯೇ ಇಲ್ಲ. ಆದರೆ ಪುರಸಭೆ ನಮ್ಮ ಬೀದಿಯನ್ನು ಸಂರಕ್ಷಿತ ವಲಯ ಎಂದು ಘೋಷಿಸಿತ್ತು. ಅಪ್ಪಣೆಯಿಲ್ಲದೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸುವಂತಿಲ್ಲ. ಕೇಳಿಯೇ ಬಿಡೋಣವೆಂದು ಒಂದು ಮಧ್ಯಾಹ್ನ ನಾನು ಅತ್ತೆಯನ್ನು ಪುರಸಭೆಯ ಸಭೆಗೆ ಹೊರಡಿಸಿದೆ. ಮಾವ ನಿದ್ದೆ ಹೋಗಿದ್ದರು. ಅತ್ತೆ ಹೊರಗಿನಿಂದ ಬೀಗ ಹಾಕಿದಳು.

“ಎದ್ದು ಹೊರಗೆ ಬಂದ್ಬಿಟ್ರೆ ಏನ್ ಗತಿ?” ಎಂದು ಬೀಗವನ್ನು ಮತ್ತೊಮ್ಮೆ ಜಗ್ಗಿ ನೋಡಿದಳು.

ಸಭೆಯಲ್ಲಿ ಆಗಲೇ ಕೂಗಾಟ ಎದ್ದಿತ್ತು. ತಿರುವಿನ ಮನೆಗಳ ಸಾಲನ್ನೆಲ್ಲ ಕೆಡವಿ ರಸ್ತೆ ಅಗಲ ಮಾಡಿ ಎಂದು ಎಂಜಿನಿಯರ್. ಪರಂಪರೆ ಸಮಿತಿಯ ಮೇಷ್ಟ್ರು, ಕೆಡವುವುದಾದರೆ ನನ್ನ ಮೇಲೆ ಕೆಡವಿ ಎಂದು ಎದೆ ಮುಂದೆ ಮಾಡಿ ನಿಂತಿದ್ದರು. ಅಯ್ಯೋ, ಆ ಮನೆಗಳಲ್ಲಿ ಜನ ಇದ್ದಾರೆ ಅನ್ನುವುದು ಇಬ್ಬರ ತಲೆಯಲ್ಲೂ ಇರಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಅಧ್ಯಕ್ಷರು ಅತ್ತೆಯತ್ತ ತಿರುಗಿದರು.

“ಅಮ್ಮಾ, ನೀವ್ ಯಾರ ಪರ?”

“ಕೆಡವೋದೂ ಬೇಡ, ಕಾಯೋದೂ ಬೇಡ ಸ್ವಾಮಿ. ಓಣಿಗೊಂದು ಬಾಗಿಲು ಬಿಡಿಸ್ಕೊಡಿ ಸಾಕು. ನಮ್ಮೆಜಮಾನ್ರಿಗೆ ಕಿವಿ ಕೇಳ್ಸಲ್ಲ.”

“ಗೋಡೆ ಅಂದಗೆಡುತ್ತೆ,” ಎಂದರು ಮೇಷ್ಟ್ರು. ಹೇಗೂ ಕೆಡವುವ ಗೋಡೆಗೆ ಬಾಗಿಲು ಯಾಕೆ ಎಂದರು ಎಂಜಿನಿಯರ್. ಮುಂದಿನ ಸಭೆಯಲ್ಲಿ ನೋಡೋಣ ಎಂದರು ಅಧ್ಯಕ್ಷರು.

ನಾನು ಜಗಳಕ್ಕೆಂದು ಏಳುವಷ್ಟರಲ್ಲಿ ಅತ್ತೆ ನನ್ನ ಮುಂಗೈ ಹಿಡಿದಳು.

“ಇಸ್ತ್ರಿ ಪೆಟ್ಟಿಗೆ ಆರಿಸಿದ್ನೇನೇ?”

ಇರುವುದೊಂದೇ ಬಾಗಿಲು. ಅದಕ್ಕೆ ಬೀಗ. ಒಳಗೆ ಬಟ್ಟೆಯ ರಾಶಿ, ಕಿವಿ ಕೇಳದ ಮುದುಕ. ಕೀಲಿ ಅತ್ತೆಯ ಸೊಂಟದಲ್ಲಿ. ನಾವು ಓಡಿದೆವು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದವರನ್ನು ನಾನು ಕಂಡಿಲ್ಲ. ಬೀದಿಗೆ ತಿರುಗಿದಾಗ ಬಾಗಿಲ ಸಂದಿನಿಂದ ಹೊಗೆ ಬರುತ್ತಿತ್ತು. ಅತ್ತೆ ಎಡಬಲ ನೋಡದೆ ರಸ್ತೆಗೆ ನುಗ್ಗಿದಳು. ತಿರುವಿನ ಆಚೆ ಲಾರಿಯ ಸದ್ದು ನನಗೆ ಕೇಳಿಸಿತು. ಅವಳಿಗೆ ಕೇಳಿಸಲಿಲ್ಲ.

“ತಡಿ ಅತ್ತೇ!” ಎಂದು ಕಿರುಚಿದೆ.

ಚಕ್ರಗಳು ಕಿರ್ರೆಂದವು. ಲಾರಿ ಅವಳ ಸೆರಗು ಸೋಕಿ ನಿಂತಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಅವಳು ತಿರುಗಿಯೂ ನೋಡಲಿಲ್ಲ. ಆತುರದಲ್ಲಿ ಕೀಲಿ ಬೀಗದ ಬಾಯಿಗೆ ಹೋಗುತ್ತಿರಲಿಲ್ಲ. ನಾನೇ ಕಿತ್ತುಕೊಂಡು ತೆಗೆದೆ.

ಬಾಗಿಲ ಹಿಂದೆಯೇ ಸ್ಟೂಲಿನ ಮೇಲೆ ಮಾವ ಕುಳಿತಿದ್ದರು. ತೊಡೆಯ ಮೇಲೆ ಕೆಂಪು ಕೊಡೆ. ಕೋಣೆಯ ತುಂಬ ಕಮಟು ಹೊಗೆ, ಮೇಜಿನ ಮೇಲೆ ಅರ್ಧ ಕರಕಲಾದ ಹೊದಿಕೆ, ಅದರ ಮೇಲೆ ಸುರಿದ ನೀರು. ಬಾಗಿಲು ಬಡಿದೂ ಬಡಿದೂ ಅವರ ಅಂಗೈ ಕೆಂಪಗೆ ಊದಿತ್ತು. ಆ ರಸ್ತೆಯ ಗದ್ದಲದಲ್ಲಿ ಒಂದು ನರಪಿಳ್ಳೆಗೂ ಅದು ಕೇಳಿಸಿರಲಿಲ್ಲ.

“ಬಾಗಿಲು ತೆಗೀಲಿಲ್ಲ,” ಎಂದರು ಕೆಮ್ಮುತ್ತಾ. “ನೀನು ಹೊರಗಿಂದ ತಡಿ ಅಂತಿದೀಯ, ನನಗೇ ಕೇಳಿಸ್ತಿಲ್ಲ ಅಂದ್ಕೊಂಡೆ. ಅದಕ್ಕೇ ಕೂತೆ.”

ಅತ್ತೆ ಅಳಲಿಲ್ಲ. ಮಾವನಿಗೆ ನೀರು ಕುಡಿಸಿ, ಅಡುಗೆಮನೆಯ ಮೂಲೆಯಿಂದ ಹಾರೆ ತಂದು, ಸೆರಗು ಸೊಂಟಕ್ಕೆ ಬಿಗಿದು ಪಕ್ಕದ ಗೋಡೆಗೆ ಒಂದು ಏಟು ಹಾಕಿದಳು. ಗಾರೆ ಉದುರಿತು.

“ಅತ್ತೆ, ತಡಿ! ಪುರಸಭೆಯವರು ಬಂದು ಮನೆಗೇ ಬೀಗ ಜಡೀತಾರೆ!”

“ಬೀಗ ಜಡಿದವಳು ನಾನೇ ಅಲ್ವೇನೇ?” ಎಂದಳು.

ಮತ್ತೆ ಹಾರೆ ಎತ್ತಿದಳು. ನಾನು ಹೊರಗೆ ಬಂದು, ಓಣಿಯ ಬಾಯಲ್ಲಿ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಾ ನಿಂತೆ.