ಒಂದೇ ಕೋಟು, ಎರಡು ತೀರ್ಪು

"ನಾನು ಇಸ್ತ್ರಿ ಹಾಕಿದ್ದು ಒಂದೇ ಕೋಟು. ಬೆಳಿಗ್ಗೆ ಒಂದ್ಸಲ ಹಾಕ್ದೆ, ಊಟ ಆದ್ಮೇಲೆ ಸುಕ್ಕಾಗಿದೆ ಅಂತ ಇನ್ನೊಂದ್ಸಲ ಹಾಕ್ದೆ. ಆ ಕೋಟು ತೊಟ್ಕೊಂಡು ಜಡ್ಜು ಬೆಳಿಗ್ಗೆ ಹೇಳ್ತಾರೆ, 'ಹೆಂಡತಿಯಾದವಳು ಗಂಡನ ಮನೆಗೆ ಹಿಂತಿರುಗತಕ್ಕದ್ದು' ಅಂತ. ಮಧ್ಯಾಹ್ನ ಅದೇ ಕುರ್ಚಿ, ಅದೇ ಸುತ್ತಿಗೆ, 'ಹೊರಗಿನಿಂದ ಚಿಲಕ ಹಾಕುವ ಮನೆಗೆ ಯಾವ ಹೆಣ್ಣನ್ನೂ ಈ ನ್ಯಾಯಾಲಯ ಕಳಿಸುವುದಿಲ್ಲ' ಅಂತ. ಎರಡು ಸಲಾನೂ ನಂಗೆ ಕಣ್ಣಲ್ಲಿ ನೀರು ಬಂತಲ್ಲ! ಬೆಳಿಗ್ಗೆ ಅತ್ತಿದ್ದು ಯಾಕೆ, ಮಧ್ಯಾಹ್ನ ಅತ್ತಿದ್ದು ಯಾಕೆ? ನನ್ ತಲೆ ಕೆಟ್ಟಿದೆಯೋ, ಲೋಕ ಕೆಟ್ಟಿದೆಯೋ?"

ಹೀಗೆ ಕೇಳಿದವಳನ್ನು ಧಾರಾವಾಹಿ ಶೂಟಿಂಗಿನಲ್ಲಿ ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಕಪ್ಪು ಕೋಟಿಗೆ ಇಸ್ತ್ರಿ ನೇರವಾಗಿ ತಾಗಿದರೆ ಹೊಳಪು ಬಂದುಬಿಡುತ್ತದೆಂದು ಒದ್ದೆ ಬಟ್ಟೆ ಹಾಸಿ ಒತ್ತುವಳು. ಸೆಟ್ಟನ್ನು ಮುಂದಿನಿಂದ ನೋಡಿದರೆ ಗಂಭೀರವಾದ ಕೋರ್ಟು. ಹಿಂದೆ ಹೋದರೆ ಬರೀ ಪ್ಲೈವುಡ್ಡು, ಅದರ ಮೊಳೆಗಳಿಗೆ ಅವಳು ನೇತುಹಾಕಿದ ರವಿಕೆಗಳು. ಇದನ್ನೆಲ್ಲ ದಿನಾ ನೋಡುತ್ತಿದ್ದರೂ, ಸಂಜೆ ಟೀವಿಯಲ್ಲಿ ಅದೇ ಜಡ್ಜು ಕನ್ನಡಕ ಸರಿಮಾಡಿಕೊಂಡರೆ ಸಾಕು, ಅವಳು ಗೋಡೆಗೊರಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು.

ಅವಳ ತಲೆ ಕೆಡಲು ಕಾರಣ ಮನೆಯಲ್ಲಿತ್ತು. ಅಳಿಯ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೇ. ಅದನ್ನು ಅವನು ಮರೆತ ಒಂದು ದಿನ ಮಗಳು ಬ್ಯಾಗು ಹಿಡಿದು ತವರಿಗೆ ಬಂದಳು. ಬೆನ್ನಿಗೇ ಬೀಗಿತ್ತಿಯೂ ಬಂದಳು.

"ಚಿಲಕ ಹಾಕೋದು ಪ್ರೀತಿಗೆ ಕಣ್ರೀ. ನನ್ ಮಗ ಬೇರೆಯವರ ಮನೆಗೆ ಹೋಗಿ ಚಿಲಕ ಹಾಕ್ತಾನಾ?"

"ನೀವು ಹೇಳೋದೂ ಸರಿಯೇ ಇರಬಹುದು ಬೀಗಿತ್ತಿ. ನಂಗೊಂದೂ ಗೊತ್ತಾಗ್ತಿಲ್ಲ."

"ನಿಮ್ ಧಾರಾವಾಹೀಲೂ ಇದೇ ಕೇಸು ನಡೀತಿದೆಯಲ್ಲ? ಆ ಜಡ್ಜು ಏನು ಹೇಳ್ತಾರೋ ಹಾಗೇ ಮಾಡೋಣ. ನಾನೂ ಎರಡು ಮಾತಾಡಲ್ಲ, ನೀವೂ ಆಡ್ಬೇಡಿ."

ಇಸ್ತ್ರಿಯಮ್ಮ ಒಪ್ಪಿಬಿಟ್ಟಳು. ಅಂಥ ಜಡ್ಜು ತಪ್ಪು ಹೇಳಿಯಾರೇ? ಅವರ ಕೋಟನ್ನು ತಾನೇ ಒತ್ತುವವಳೆಂಬ ಜಂಬವೂ ಒಳಗೊಳಗೇ ಇತ್ತು. ಮಗಳು ಮಾತ್ರ ಬ್ಯಾಗು ಬಿಚ್ಚದೆ ಬಾಗಿಲ ಬಳಿಯೇ ಇಟ್ಟುಕೊಂಡು ಕಾಯತೊಡಗಿದಳು.

ತೀರ್ಪಿನ ಶೂಟಿಂಗಿನ ದಿನ ಎರಡು ತೀರ್ಪು ಬಂದದ್ದು ಹೀಗಾಗಿ ಅವಳ ಎದೆಗೇ ಬಂದು ಬಿತ್ತು. ಜಡ್ಜು ಪಾತ್ರದವರು ಕುತ್ತಿಗೆಗೆ ಟವೆಲ್ ಸಿಕ್ಕಿಸಿಕೊಂಡು ಟೀ ಕುಡಿಯುತ್ತಿದ್ದಾಗ ಹತ್ತಿರ ಹೋಗಿ ನಿಂತಳು.

"ಸ್ವಾಮಿ, ಎರಡರಲ್ಲಿ ನಿಜವಾದ ತೀರ್ಪು ಯಾವ್ದು?"

"ನಂಗೇನಮ್ಮ ಗೊತ್ತು? ಎರಡು ಹಾಳೆ ಕೊಟ್ರು, ಎರಡೂ ಓದ್ದೆ. ಜನ ಯಾವ ಕಡೆ ವಾಲ್ತಾರೋ ನೋಡ್ಕೊಂಡು ಒಂದನ್ನ ಹಾಕ್ತಾರೆ."

"ಜನ ನೀವೇನು ಹೇಳ್ತೀರಿ ಅಂತ ಕಾಯ್ತಿದ್ದಾರೆ. ನೀವು ಜನ ಏನಂತಾರೆ ಅಂತ ಕಾಯ್ತಿದ್ದೀರಿ. ಹಾಗಾದ್ರೆ ಹೇಳೋರು ಯಾರು ಸ್ವಾಮಿ?"

ಅವರು ಲೋಟದೊಳಗೆ ನೋಡಿದರು. "ನಮ್ಮನೇಲಿ ನನ್ ಹೆಂಡ್ತಿ ಹೇಳ್ತಾಳೆ. ನಿಮ್ಮನೇಲಿ ಯಾರೋ ನಂಗೊತ್ತಿಲ್ಲಮ್ಮ."

ತೀರ್ಪು ಟೀವಿಯಲ್ಲಿ ಬರುವ ಸಂಜೆ ಅವಳು ಮನೆಗೆ ಬಂದಾಗ ಮಗಳು ಅಕ್ಕಿ ಆರಿಸುತ್ತಿದ್ದಳು.

"ನೀನು ಅಲ್ಲೇ ಇದ್ದೆಯಲ್ಲಮ್ಮ, ಏನಂದ್ರು ಹೇಳ್ಬಿಡು."

"ಎರಡೂ ಅಂದ್ರು ಕಣೇ."

ಮಗಳಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. "ನೀನೇನಂತೀಯ?"

ಇಸ್ತ್ರಿಯಮ್ಮನನ್ನು ಯಾರೂ ಹಾಗೆ ಕೇಳಿದ್ದೇ ಇಲ್ಲ. ಮೊರ ಎಳೆದುಕೊಂಡು ಅಕ್ಕಿ ತಾನೇ ಆರಿಸತೊಡಗಿದಳು. ಮಗಳು ಮುಖ ತೊಳೆಯಲು ಎದ್ದು ಹೋದಳು. ಬಚ್ಚಲಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಂತೆ ಸಂದಿಗೆ ಚಪ್ಪಲಿ ಸಿಕ್ಕಿಸಿಯೇ ಒಳಗೆ ಹೋದಳು. ಬಂದ ದಿನದಿಂದ ಹಾಗೇ ಮಾಡುತ್ತಿದ್ದಳೋ ಏನೋ, ತಾಯಿ ಕಂಡದ್ದು ಈಗ. ಆ ಚಪ್ಪಲಿಯನ್ನೇ ನೋಡುತ್ತ ಕೂತಳು.

ಬೀಗಿತ್ತಿ ಹೊಸಿಲು ದಾಟುತ್ತಲೇ ಕೂಗಿದಳು: "ಟೀವಿ ಹಾಕ್ರೀ, ಹೊತ್ತಾಯ್ತು!"

ಆ ಕೋಣೆಯಲ್ಲಿ ಪ್ಲಗ್ಗು ಚುಚ್ಚಲು ಇದ್ದದ್ದು ಒಂದೇ ಜಾಗ. ಇಸ್ತ್ರಿಯಮ್ಮ ಟೀವಿಯ ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆಯದನ್ನು ಚುಚ್ಚಿದಳು.

"ಅಯ್ಯೋ, ತೀರ್ಪು!"

"ಇರಿ ಬೀಗಿತ್ತಿ. ಇವಳ ಬಟ್ಟೆ ಬ್ಯಾಗಲ್ಲೇ ಇದ್ದು ಮುದ್ದೆಯಾಗಿದೆ. ಒತ್ತಿ ಗೂಡಲ್ಲಿಡ್ಬೇಕು."

"ಯಾವ ಗೂಡಲ್ಲಿ?"

"ಇಲ್ಲೇ, ನನ್ನ ಸೀರೆ ಪಕ್ಕ. ಸರಿಯೋ ತಪ್ಪೋ ನಂಗೊತ್ತಿಲ್ಲ. ನೀವು ಕೂತ್ಕೊಳ್ಳಿ, ಇವಳು ಟೀ ಮಾಡ್ತಾಳೆ."

ಬೀಗಿತ್ತಿ ಕೂರಲಿಲ್ಲ, ಹೋಗಲೂ ಇಲ್ಲ. ಗೋಡೆಯಾಚೆಯ ಮನೆಯ ಟೀವಿಯಲ್ಲಿ ಸುತ್ತಿಗೆ ಬಡಿದ ಸದ್ದಾಯಿತು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಯಾವ ತೀರ್ಪಿಗೋ, ಈಚೆ ಗೊತ್ತಾಗಲಿಲ್ಲ. ಇಸ್ತ್ರಿಯಮ್ಮ ಮಗಳ ಸೀರೆಗೆ ನೀರು ಚಿಮುಕಿಸಿ, ಅಂಚು ಎಳೆದು, ಸೆರಗಿನ ಕಡೆಯಿಂದ ಒತ್ತಲು ಶುರುಮಾಡಿದಳು.